ಕಿತ್ತಳೆ ತಾತನ ನಾಡಿ

ಹಾಕು, ಹಾಕು, ಮೊದಲು ಆ ಬಾಗಿಲು ಹಾಕು! ವಾರ್ಡಿನ ಬೆಲ್ ಸದ್ದು ನೆಟ್ಟಗೆ ಒಳಗೆ ಬರುತ್ತೆ... ಹಾಂ, ಈಗ ಸರಿ. ಏನೇ ಗುಬ್ಬಿ, ಹಾಗೆ ಕಣ್ಣು ಬಿಟ್ಕೊಂಡು ನಿಂತೆ? ಲಿನನ್ ರೂಮಲ್ಲಿ ಮನುಷ್ಯರು ಕೂರಬಾರದು ಅಂತ ಎಲ್ಲಾದ್ರೂ ಬೋರ್ಡ್ ಹಾಕಿದ್ದಾರಾ? ಬೆಡ್‌ಶೀಟ್ ಎಣಿಸೋಕೆ ಬಂದೆ ಕಣೇ. ಎಣಿಸ್ತಾ ಇದ್ದೆ. ಮೂವತ್ತರ ಹತ್ತಿರ ಬಂದಿದ್ದೆ, ನೀನು ದಬಕ್ಕನೆ ಬಾಗಿಲು ತಳ್ಳಿದೆ, ಎಲ್ಲ ಹೋಯ್ತು. ಇನ್ನು ಒಂದರಿಂದ ಶುರು ಮಾಡಬೇಕು. ಒಳಗೆ ಬರೋಳು ಒಂದು ಸಲ ಕೆಮ್ಮಬಾರದಾ?

ಏನು, ಕೂತ್ಕೊಂಡಾ? ಹೌದಮ್ಮಾ, ಬಟ್ಟೆ ಗಂಟಿನ ಮೇಲೆ ಕೂತ್ಕೊಂಡೇ ಎಣಿಸ್ತಾ ಇದ್ದೆ. ಕೂತವರ ಲೆಕ್ಕ ತಪ್ಪುತ್ತಾ? ಬೆಳಿಗ್ಗೆಯಿಂದ ಈ ಕಾಲುಗಳು ನಿಂತೇ ಇವೆ, ಅವಕ್ಕೂ ಒಂಚೂರು ಮರ್ಯಾದೆ ಬೇಡ್ವಾ?... ಯಾಕೆ ನಗ್ತೀಯಾ? ಕೆನ್ನೆಗೇನಾಗಿದೆ? ಗೆರೆ ಬಿದ್ದಿದೆಯಾ? ಅಯ್ಯೋ, ಅದು ದಿಂಬಿನ ಕವರಿನ ಹೊಲಿಗೆ... ಅಂದ್ರೆ... ನಿದ್ದೆ ಮಾಡಿಲ್ಲ ಕಣೇ! ಸ್ವಲ್ಪ ಒರಗಿದ್ದೆ ಅಷ್ಟೇ. ಒರಗಿ ಎಣಿಸ್ತಾ ಇದ್ದೆ. ಕಣ್ಣು ಕೆಂಪಗಿದ್ರೆ ಅದಕ್ಕೂ ನಾನೇ ಹೊಣೆಯಾ? ಈ ಬಟ್ಟೆಗೆ ಹಾಕೋ ಬ್ಲೀಚಿಂಗ್ ಪೌಡರ್ ಇದೆಯಲ್ಲ, ಅದನ್ನ ಕೇಳು. ಮೂಗು ಉರಿಯುತ್ತೆ, ಕಣ್ಣಲ್ಲಿ ನೀರು ಬರುತ್ತೆ. ನೀನೂ ಸ್ವಲ್ಪ ಹೊತ್ತು ಇಲ್ಲೇ ಕೂತಿರು, ಗೊತ್ತಾಗುತ್ತೆ.

ಇರು... ನಿನ್ನ ಕೈಲಿರೋದು ನನ್ನ ಬ್ಯಾಗ್ ಅಲ್ವಾ? ಹೌದು, ನನ್ನದೇ, ಜಿಪ್ ಕಿತ್ತು ಪಿನ್ ಹಾಕಿರೋದು. ಅದನ್ನ ಯಾಕೆ ಲಾಕರಿಂದ ತಂದೆ? ಚಪ್ಪಲಿನೂ ತಂದಿದ್ದೀಯಾ! ಏನು, ನನ್ನನ್ನ ಮನೆಗೆ ಅಟ್ಟೋ ಪ್ಲಾನಾ? ನಡಿ ನಡಿ, ಎಲ್ಲಿತ್ತೋ ಅಲ್ಲೇ ಇಟ್ಟು ಬಾ. ಬೆಳಗಿನ ಪಾಳಿ ಮುಗೀತಾ ಬಂತು, ನಿಜ. ಮಧ್ಯಾಹ್ನದ ಪಾಳಿನೂ ನನ್ನದೇ. ನಿನ್ನ ಜೊತೆ ಡ್ಯೂಟಿಗೆ ಬರಬೇಕಾದವಳ ಮಗುಗೆ ಜ್ವರ ಅಂತೆ. ಮೇಟ್ರನ್ ಬಂದ್ರು, ಆ ಜೇನು ಸುರಿಯೋ ದನಿ ಇದೆಯಲ್ಲ, ಅದರಲ್ಲಿ, 'ಸಿಸ್ಟರ್, ನಿಮ್ಮನ್ನ ಬಿಟ್ರೆ ನನಗೆ ಯಾರಿದ್ದಾರೆ?' ಅಂದ್ರು. ನನ್ನ ಕತ್ತು ನನ್ನ ಮಾತು ಕೇಳೋದೇ ಇಲ್ಲ ಗುಬ್ಬಿ. ಬಾಯಿ ತೆರೆದು 'ಇವತ್ತು ಆಗಲ್ಲ ಮೇಡಂ' ಅನ್ನೋದ್ರೊಳಗೆ ಕತ್ತು 'ಹೂಂ' ಅಂತ ಅಲ್ಲಾಡಿ ಆಗಿರುತ್ತೆ! ಈ ತಿಂಗಳಲ್ಲಿ ಇದು ಎಷ್ಟನೇ ಡಬಲ್ ಡ್ಯೂಟಿ ಅಂತ ಮಾತ್ರ ಕೇಳಬೇಡ. ಬೆಡ್‌ಶೀಟಿನ ಲೆಕ್ಕ ಕೇಳು, ಹೇಳ್ತೀನಿ.

ಏನಿದು, ನೀರಾ? ಬೇಡ. ಬೇಡ ಅಂದೆನಲ್ಲೇ... ನೀರು ಕುಡಿದ್ರೆ ಬಾತ್‌ರೂಮಿಗೆ ಹೋಗಬೇಕು. ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿದ್ದೇ ತಡ, ಯಾರಾದ್ರೊಬ್ಬರು 'ಸಿಸ್ಟರ್, ಸಿಸ್ಟರ್' ಅಂತ ಬಾಗಿಲು ಬಡೀತಾರೆ. ಈ ಇಡೀ ಆಸ್ಪತ್ರೆಯಲ್ಲಿ ನೆಮ್ಮದಿಯಾಗಿ ಬಾತ್‌ರೂಮಿಗೆ ಹೋಗೋರು ಅಂದ್ರೆ ರೋಗಿಗಳು ಮಾತ್ರ. ಅವರಿಗೆಲ್ಲ 'ನೀರು ಚೆನ್ನಾಗಿ ಕುಡೀರಿ, ನೀರು ಚೆನ್ನಾಗಿ ಕುಡೀರಿ' ಅಂತ ತಲೆ ತಿನ್ನೋ ಬಾಯಿ ಇದೇನೇ! ನನ್ನ ಬೆಳಗಿನ ಟೀ ಇನ್ನೂ ಮೇಜಿನ ಮೇಲೇ ಇದೆ, ನೋಡಿದೆಯಾ ಬರ್ತಾ? ತಟ್ಟೆ ಮುಚ್ಚಿಟ್ಟಿದ್ದೀನಿ. ಕೆನೆ ಕಟ್ಟಿ, ಕೆನೆ ಮೇಲೆ ಕೆನೆ ಕಟ್ಟಿ, ಈಗ ಅದನ್ನ ಹೊದ್ಕೊಂಡು ಮಲಗಬಹುದು.

ಸರಿ, ಸರಿ, ಕುಡೀತೀನಿ. ಹಾಗೆ ಮುಖ ಊದಿಸ್ಕೋಬೇಡ... ತಗೋ, ಕುಡಿದೆ.

ಕೂತ್ಕೋ ಇಲ್ಲಿ, ಆ ಕಡೆ ಗಂಟಿನ ಮೇಲೆ. ಅದು ಒಗೆದಿರೋದು, ಹೆದರಬೇಡ. ಪಾಳಿ ಶುರು ಆಗೋಕೆ ಇನ್ನೂ ಸ್ವಲ್ಪ ಹೊತ್ತಿದೆ, ನೀನು ಯಾವಾಗಲೂ ಬೇಗ ಬರೋಳು. ಯಾರು ಕಲಿಸಿದ್ದು ಹೇಳು ಆ ಅಭ್ಯಾಸ? ನಾನೇ ತಾನೇ! ಎಲ್ಲರೂ ನನ್ನನ್ನ ರೇಡಿಯೋ ಅಕ್ಕ ಅಂತ ಆಡ್ಕೊಳ್ತೀರಾ, ಗೊತ್ತು ನನಗೆ. ಆಡ್ಕೊಳ್ಳಿ. ರೇಡಿಯೋ ಇದ್ದಿದ್ದಕ್ಕೇ ನೀವೆಲ್ಲ ಕೆಲಸ ಕಲಿತಿದ್ದು.

ಅಲ್ಲಾ, ಮೊನ್ನೆ ಆ ಶಿಬಿರ ನೆನಪಿದೆಯಾ? 'ಮನಸ್ಸಿನ ನೆಮ್ಮದಿ'! ಅದನ್ನೂ ನಮ್ಮ ಊಟದ ಹೊತ್ತಲ್ಲೇ ಇಟ್ಟರಲ್ಲ, ಎಂಥಾ ತಲೆ ಅವರದು! ಒಂದು ಕಡೆ ಡಬ್ಬಿ ತೆರೆಯದೆ ಹೊಟ್ಟೆ ಚುರುಗುಟ್ತಾ ಇದೆ, ಇನ್ನೊಂದು ಕಡೆ ಆ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕಾಲರಿಗೆ ಮೈಕು, 'ಎಲ್ಲರೂ ಕಣ್ಣು ಮುಚ್ಚಿ, ನಿಮ್ಮ ಒತ್ತಡ ಎಲ್ಲಿದೆ ಅಂತ ಹುಡುಕಿ' ಅಂತ. ಹುಡುಕೋದೇನು, ನೇರ ಮುಂದಿನ ಸಾಲಲ್ಲೇ ಕೂತಿದ್ರಲ್ಲ ಮೇಟ್ರನ್ನು!... ನಗು ನಗು. ನೀನಂತೂ ಕಣ್ಣು ಮುಚ್ಚಿದವಳು ಗೊರಕೆನೇ ಶುರು ಮಾಡಿದೆ. ನಾನು ಮೊಣಕೈಯಲ್ಲಿ ತಿವಿದ್ರೆ, 'ಡ್ರಿಪ್ ಮುಗೀತಾ ಅಕ್ಕಾ' ಅಂತ ಎದ್ದೆ! ಆಮೇಲೆ ಅಲ್ಲಿ ಎಲ್ಲೋ ಒಂದು ಬೆಲ್ ಹೊಡೀತು ನೋಡು, ಕಣ್ಣು ಮುಚ್ಚಿದವರೆಲ್ಲ ಹಾಗೇ ಎದ್ದು ನಿಂತರಲ್ಲ... ಆ ಮನುಷ್ಯನಿಗೆ ಎಷ್ಟು ಖುಷಿ! ತನ್ನ ಮಾತಿಗೆ ಎಲ್ಲರೂ ಎದ್ದು ಗೌರವ ಕೊಟ್ಟರು ಅಂದ್ಕೊಂಡ. ಕೈ ಬೇರೆ ಮುಗಿದ.

'ಉದ್ದಕ್ಕೆ ಉಸಿರು ಎಳೀರಿ' ಅಂದ. ಎಳೆದ್ರು ಎಲ್ಲರೂ. ನಾನೂ ಎಳೆದೆ... ಅರ್ಧಕ್ಕೆ ನಿಂತುಬಿಡ್ತು ಕಣೇ, ಒಳಗೆ ಹೋಗಲೇ ಇಲ್ಲ... ಅಂದ್ರೆ, ಅಷ್ಟರಲ್ಲಿ ಬೆಲ್ ಹೊಡೀತಲ್ಲ, ಅದಕ್ಕೆ ಅಂತ. ಬೆಲ್ ಹೊಡೆದ ಮೇಲೆ ಯಾರು ಉಸಿರು ಎಳ್ಕೊಂಡು ಕೂತಿರ್ತಾರೆ?

ಯಾಕೆ ನಗು ನಿಲ್ಲಿಸಿಬಿಟ್ಟೆ? ಇನ್ನೊಂದು ಹೇಳ್ತೀನಿ ಕೇಳು, ಇದಕ್ಕೆ ನೀನು ನಗಲೇಬೇಕು. ನಮ್ಮೆಜಮಾನ್ರು ಇದ್ದಾರಲ್ಲ, ದಿನವಿಡೀ ಸ್ಕೂಲ್ ವ್ಯಾನ್ ಓಡಿಸಿ, ಮಕ್ಕಳ ಕೂಗಾಟಕ್ಕೆ ಕಿವಿ ಅರ್ಧ ಹೋಗಿದೆ, ಆದ್ರೂ ರಸಿಕತೆ ಮಾತ್ರ ಹೋಗಿಲ್ಲ. ಹೋದ ವಾರ ನನಗೆ ರಜ ಸಿಕ್ಕಿದ್ದೇ ತಡ, ಸಿನಿಮಾಗೆ ಕರ್ಕೊಂಡು ಹೋದ್ರು. ಕತ್ತಲಲ್ಲಿ ಮೆಲ್ಲಗೆ ಕೈ ಹಿಡ್ಕೊಂಡ್ರು. ನಾನೂ ಹಿಡ್ಕೊಂಡೆ. ಹಿಡ್ಕೊಂಡವಳು ಪರದೆಯ ಬೆಳಕಲ್ಲಿ ಗಡಿಯಾರ ನೋಡೋಕೆ ಶುರು ಮಾಡಿದೆ! ಅವರು, 'ಯಾಕೆ, ಬೇಜಾರಾಯ್ತಾ? ಹೊರಡೋಣ್ವಾ?' ಅಂದ್ರು. 'ಶ್! ಸ್ವಲ್ಪ ಸುಮ್ನಿರಿ, ಲೆಕ್ಕ ತಪ್ಪುತ್ತೆ... ಎಂಬತ್ತೆಂಟು. ಯಾಕ್ರೀ, ಮೆಟ್ಟಿಲು ಓಡಿ ಹತ್ತಿದ್ರಾ?' ಅಂದೆ.

ಪಾಪ! ಆ ಮುಖ ನೀನು ನೋಡಬೇಕಿತ್ತು. 'ಹೆಂಡತಿ ಕೈ ಹಿಡಿದ್ರೆ ಎದೆ ಸ್ವಲ್ಪ ಜೋರಾಗಿ ಹೊಡ್ಕೊಳ್ಳಲಿ ಬಿಡೇ, ಅದಕ್ಕೂ ಮಾತ್ರೆ ಕೊಡ್ತೀಯಾ?' ಅಂದ್ರು. ಹಿಂದಿನ ಸೀಟಿನವರೆಲ್ಲ ನಕ್ಕರು. ಆಮೇಲೆ ಅವರು ಸುಮ್ಮನೆ ಕೂತಿರಬಾರದಾ? 'ನಂದೇನೋ ನೋಡಿದೆ, ನಿಂದು ಯಾರು ನೋಡ್ತಾರೆ?' ಅಂದ್ರು. ಅದೂ ತಮಾಷೆಗೇ ಅಂದಿದ್ದು. ನಾನೂ ನಕ್ಕೆ... ಅಷ್ಟು ಹೊತ್ತಿಗೆ ನನಗೆ ನಿದ್ದೆ. ಸಿನಿಮಾ ಮುಗಿದ ಮೇಲೆ ಎಬ್ಬಿಸಿದ್ರು. ಕಥೆ ಏನಾಯ್ತು ಅಂದ್ರೆ, ದಾರಿಯುದ್ದಕ್ಕೂ ಅವರೇ ಹೇಳ್ಕೊಂಡು ಬಂದ್ರು, ನಾನು ಹೂಂಗುಟ್ಟಿದೆ.

ಅದೊಂದು ರೋಗ ನಮಗೆ, ಕೈ ಸಿಕ್ಕರೆ ನಾಡಿ ನೋಡೋದು. ನಿನಗೆ ನೆನಪಿದೆಯಾ ನಿನ್ನ ಮೊದಲನೇ ದಿನ? ಹೂಂ, ನಾಚ್ಕೋ, ನಾಚ್ಕೋ! ಯೂನಿಫಾರಮ್ಮೇ ನಿನ್ನನ್ನ ಹಾಕ್ಕೊಂಡು ಬಂದ ಹಾಗಿದ್ದೆ. ಗುಬ್ಬಿ ಅಂತ ಹೆಸರಿಟ್ಟಿದ್ದೂ ಅವತ್ತೇ. ಆ ಮೂಲೆ ಮಂಚದ ಹೆಂಗಸು ಹಾಯಾಗಿ ನಿದ್ದೆ ಮಾಡ್ತಿದ್ದಾಳೆ, ನೀನು ಅವಳ ಕೈ ಹಿಡಿದವಳು, 'ಅಕ್ಕಾ, ಅಕ್ಕಾ, ಇವರದು ಓಡ್ತಾ ಇದೆ!' ಅಂತ ಬೊಬ್ಬೆ. ನಾನು ಬಂದು ನೋಡಿದ್ರೆ, ಹೆಬ್ಬೆರಳು! ಹೆಬ್ಬೆರಳನ್ನ ಅವಳ ಮಣಿಕಟ್ಟಿಗೆ ಒತ್ತಿ ನಿಂತಿದ್ದೀಯಾ. ನಾನು ನಿನ್ನ ಹೆಬ್ಬೆರಳು ಎತ್ತಿ ಪಕ್ಕಕ್ಕಿಟ್ಟು ಏನಂದೆ ಹೇಳು? 'ಹೆಬ್ಬೆರಳಿಗೆ ಅದರದೇ ನಾಡಿ ಇದೆ ಕಣೇ ಪೆದ್ದಿ. ನೀನು ಎಣಿಸ್ತಾ ಇರೋದು ನಿನ್ನ ಎದೆಬಡಿತ. ಇವಳದು ನಿಧಾನಕ್ಕೆ ಹೋಗ್ತಾ ಇದೆ. ಇಷ್ಟು ಯಾಕೆ ಹೆದರಿದ್ದೀಯಾ?' ಅಂದೆ.

ಅಷ್ಟು ಕೇಳಿದ್ದೇ ಕೇಳಿದ್ದು, ಓಡಿ ಬಂದು ಇಲ್ಲೇ, ಇದೇ ರೂಮಲ್ಲಿ, ಇಂಥದ್ದೇ ಗಂಟಿನ ಮೇಲೆ ಕೂತು ಗೊಳೋ ಅಂತ ಅತ್ತೆ. ನಾನು ಬಂದು ಪಕ್ಕದಲ್ಲಿ ಕೂತು ಮಾತಾಡಿದೆ, ಮಾತಾಡಿದೆ, ನೀನು ನಗೋವರೆಗೂ ಮಾತಾಡಿದೆ. ಆಮೇಲೆ ಇನ್ನೊಂದು ವಿದ್ಯೆನೂ ಹೇಳ್ಕೊಟ್ಟೆ: ನಾಡಿ ಎಣಿಸಿ ಆದ ಮೇಲೂ ಕೈ ಬಿಡಬಾರದು. ನಾಡಿನೇ ನೋಡ್ತಾ ಇರೋ ಹಾಗೆ ನಾಟಕ ಮಾಡ್ತಾ, ಮೆಲ್ಲಗೆ ಅವರ ಎದೆ ಮೇಲೆ ಕಣ್ಣಿಟ್ಟು ಉಸಿರು ಎಣಿಸ್ಕೋಬೇಕು. ನಿಮ್ಮ ಉಸಿರು ಎಣಿಸ್ತಾ ಇದ್ದೀನಿ ಅಂದ್ಬಿಟ್ರೆ ಮುಗೀತು, ಫೋಟೋಗೆ ನಿಂತವರ ಹಾಗೆ ಉಸಿರಾಡ್ತಾರೆ. ಪಾಪ ರೋಗಿ, ಸಿಸ್ಟರಿಗೆ ನನ್ನ ಮೇಲೆ ಎಷ್ಟು ಪ್ರೀತಿ, ಕೈನೇ ಬಿಡ್ತಿಲ್ಲ ಅಂದ್ಕೊಂಡಿರ್ತಾನೆ! ಮಾತಾಡೋ ರೋಗಿಗಳದ್ದೇ ಕಷ್ಟ. ಬಾಯಿ ನಿಲ್ಲಿಸೋವರೆಗೂ ಲೆಕ್ಕ ಸಿಗಲ್ಲ.

ಏನು? ಬೆಳಿಗ್ಗೆದಾ? ಓಹೋ, ಆ ಸುದ್ದಿ ಆಗಲೇ ನಿನ್ನ ಕಿವಿಗೂ ಬಿತ್ತಾ! ಈ ಆಸ್ಪತ್ರೆಯಲ್ಲಿ ಲಿಫ್ಟ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬೇಗ ಮೇಲೆ ಕೆಳಗೆ ಹೋಗುತ್ತಪ್ಪ. ಯಾರು ಹೇಳಿದ್ದು, ಸಣ್ಣ ಡಾಕ್ಟರಾ? ಅವನು ಅರ್ಧಂಬರ್ಧ ಹೇಳಿರ್ತಾನೆ. ನನ್ನ ಬಾಯಲ್ಲಿ ಕೇಳು.

ಕಿಟಕಿ ಪಕ್ಕದ ಮಂಚದ ಕಿತ್ತಳೆ ತಾತ ಗೊತ್ತಲ್ಲ, ಯಾವಾಗ ನೋಡಿದ್ರೂ ಕೈಯಲ್ಲಿ ಒಂದು ಕಿತ್ತಳೆ ಹಣ್ಣು. ನ್ಯುಮೋನಿಯಾ ವಾಸಿಯಾಗಿ ಇವತ್ತು ಮನೆಗೆ ಹೊರಟಿದ್ದವರು. ನಾನು ಒಳಗೆ ಹೋಗೋ ಹೊತ್ತಿಗೆ ಆಗಲೇ ತಲೆ ಬಾಚಿ, ಬೂಟು ಹಾಕಿ, ಮಂಚದ ಮೇಲೆ ಕೂತು ಹಣ್ಣು ಸುಲೀತಾ ಇದ್ರು. 'ಸಿಸ್ಟರಮ್ಮ, ನೀವೊಂದು ಹೂಂ ಅಂದ್ರೆ ನಾನು ಓಡೋದೇ' ಅಂದ್ರು. ಕೊನೇ ಸಲ ಎಲ್ಲ ನೋಡಿ ಕಳಿಸಬೇಕಲ್ಲ. ಬೆರಳಿಗೆ ಕಚ್ಚಿಸಿ ನಾಡಿ ನೋಡೋ ಆ ಪುಟ್ಟ ಮೆಷಿನ್ನಿಗೆ ಬ್ಯಾಟರಿ ಇಲ್ಲ. ಅದಕ್ಕೇನು, ನಾನಿಲ್ವಾ? ಹಿಡಿದೆ ಕೈ. ಹಿಡಿದ್ರೆ... ಅಬ್ಬಾ! ನೂರ ನಲವತ್ತು! ಕುದುರೆ ಓಡಿದ ಹಾಗೆ ಓಡ್ತಾ ಇದೆ!

ನನ್ನ ಎದೆ ಧಸಕ್ ಅಂತು. ಹಿಡಿದ ಕೈ ಬಿಡದೇ ಬೆಲ್ ಒತ್ತಿದೆ ನೋಡು, ವಾರ್ಡಿಗೆ ವಾರ್ಡೇ ಓಡಿ ಬಂತು! ಸಣ್ಣ ಡಾಕ್ಟರು ಒಂದು ಕಾಲಿಗೆ ಶೂ, ಇನ್ನೊಂದು ಕಾಲಿಗೆ ಬರೀ ಕಾಲುಚೀಲ. ಆ ಕಡೆಯಿಂದ ಇಸಿಜಿ ಗಾಡಿ ಗಡಗಡ ಗಡಗಡ. ತಾತನ್ನ ನಾಲ್ಕು ಜನ ಹಿಡಿದು ಮಲಗಿಸಿದ್ವಿ, ಬೂಟು ಸಮೇತ! ಕಿತ್ತಳೆ ಉರುಳ್ಕೊಂಡು ಮಂಚದಡಿ ಹೋಯ್ತು. 'ಅಯ್ಯೋ ನನ್ನ ಹಣ್ಣು! ಏನ್ರೀ ಇದು, ಕಳ್ಳನ್ನ ಹಿಡಿದ ಹಾಗೆ ಹಿಡೀತೀರಲ್ಲ, ನಾನೇನು ದಿಂಬು ಕದ್ಕೊಂಡು ಹೋಗ್ತಿದ್ನಾ?' ಅಂತ ತಾತ ಕಿರುಚ್ತಾ ಇದ್ದಾರೆ. ಅಂಗಿ ಗುಂಡಿ ಬಿಚ್ಚಿ, ಎದೆಗೆ ತಂತಿ ಅಂಟಿಸಿ, ಎಲ್ಲರೂ ಉಸಿರು ಬಿಗಿ ಹಿಡ್ಕೊಂಡು ನೋಡಿದ್ರೆ... ಎಪ್ಪತ್ತೆರಡು! ನೀಟಾಗಿ, ಸಾಲು ಹಿಡಿದು, ಎಪ್ಪತ್ತೆರಡು!

ನಗಲ್ವಾ? ಇಲ್ಲಿ ನಗಬೇಕು ಕಣೇ. ಎಲ್ಲರೂ ನಕ್ಕರು. ಸಣ್ಣ ಡಾಕ್ಟರು ನನ್ನ ಮುಖ ನೋಡಿದ. 'ಸಿಸ್ಟರ್, ಸರಿಯಾಗಿ ಎಣಿಸಿದ್ರಾ?' ಅಂತ! ನನ್ನನ್ನ! ಅವನು ಸ್ಕೂಲ್ ಬ್ಯಾಗ್ ಹಾಕ್ಕೊಂಡು ಓಡಾಡ್ತಿದ್ದಾಗಿಂದ ನಾನು ನಾಡಿ ಎಣಿಸ್ತಾ ಇದ್ದೀನಿ. 'ಎಣಿಸದೇ ಬೆಲ್ ಒತ್ತೋಕೆ ನನಗೇನು ಹುಚ್ಚಾ ಡಾಕ್ಟ್ರೇ? ಬಂತು, ಹೋಯ್ತು. ವಯಸ್ಸಾದ ಎದೆ, ಒಂದೊಂದು ಸಲ ಹಾಗೆ ಹಾರಿ ಕೂರುತ್ತೆ' ಅಂದೆ. ಪಾಪ, ಹುಡುಗ ನಂಬಿದ. ನನ್ನ ಮಾತು ಅಂದ್ರೆ ಅವನಿಗೆ ಅಷ್ಟು ನಂಬಿಕೆ. 'ಹಾಗಾದ್ರೆ ಇವತ್ತು ಕಳಿಸೋದು ಬೇಡ, ಇಟ್ಕೊಂಡು ನೋಡೋಣ. ಸಾಯಂಕಾಲ ದೊಡ್ಡ ಡಾಕ್ಟರು ಬಂದು ಎದೆಗೆ ಮಾತ್ರೆ ಶುರು ಮಾಡ್ತಾರೆ' ಅಂದ.

ಹೂಂ... ತಾತ ಹೋಗಲಿಲ್ಲ. ಇಲ್ಲೇ ಇದ್ದಾರೆ. ಬರ್ತಾ ನೋಡಿದೆಯಾ? ಏನ್ ಮಾಡ್ತಿದ್ರು? ಇನ್ನೂ ಬೂಟು ಬಿಚ್ಚಿಲ್ವಾ? ಅವರ ಮಗಳು? ಬಟ್ಟೆ ಚೀಲ ತೊಡೆ ಮೇಲಿಟ್ಕೊಂಡು ಕೂತಿದ್ದಾಳಾ, ಇನ್ನೂ? ಕಿತ್ತಳೆ ತಿಂದ್ರಾ?... ತಿನ್ನಲಿಲ್ವಾ. ಎದೆ ಮೇಲೆ ಕೈ ಇಟ್ಕೊಂಡು ಕೂತಿದ್ದಾರಾ? ನನ್ನನ್ನೂ ಕರೆದು ಕೇಳಿದ್ರು ಕಣೇ. 'ಸಿಸ್ಟರಮ್ಮ, ನಿಜ ಹೇಳಿ, ನನ್ನದು ನಿಂತು ಹೋಗುತ್ತಾ?' ಅಂತ. ಬೆಳಿಗ್ಗೆ ಮನೆಗೆ ಓಡೋದೇ ಓಡೋದೇ ಅಂತಿದ್ದ ಮನುಷ್ಯ! 'ಏನಿಲ್ಲ ತಾತ, ಸುಮ್ನೆ ಒಂದು ಜಾಗ್ರತೆಗೆ' ಅಂದೆ. ಅಂದು ಸೀದಾ ಇಲ್ಲಿಗೆ ಬಂದೆ, ಬೆಡ್‌ಶೀಟ್ ಎಣಿಸೋಕೆ.

ಹೇಗೆ ಹಿಡಿದ್ನಾ? ಅದೇನು ಪ್ರಶ್ನೆ, ಎಲ್ಲರೂ ಹಿಡಿಯೋ ಹಾಗೆ ಹಿಡಿದೆ. ಕೊಡು ನಿನ್ನ ಕೈ, ತೋರಿಸ್ತೀನಿ. ಈ ಕಡೆ ತಿರುಗಿಸು. ಇಲ್ಲಿ, ಹೀಗೆ. ನೋಡು, ಹೀಗೆ ಹಿಡಿದು, ಹೀಗೆ ಒತ್ತಿ... ಏನು? ಯಾಕೆ ಹಾಗೆ ನೋಡ್ತೀಯಾ ನನ್ನ ಕೈನ? ಬೆರಳಿನ ತುದಿ ಸ್ವಲ್ಪ ಜೋಮು ಹಿಡಿದ ಹಾಗಿದೆ, ಅದಕ್ಕೆ. ಕೆಲವು ದಿನದಿಂದ ಹಾಗೇ, ಗ್ಲೌಸ್ ಬಿಚ್ಚಿದ್ರೂ ಗ್ಲೌಸ್ ಹಾಕ್ಕೊಂಡಿರೋ ಹಾಗೆ, ಏನೂ ತಿಳಿಯೋದೇ ಇಲ್ಲ. ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಒತ್ತೋಣ ಅಂತ...

ಗುಬ್ಬಿ.

ಏನಾದ್ರೂ ಮಾತಾಡೇ. ನಗು. ಬೈ ಬೇಕಾದ್ರೆ. ಅವತ್ತು ನಾನು ಬೈದ ಹಾಗೇ ಬೈ, ಪೆದ್ದಿ ಅನ್ನು. ಹೀಗೆ ಸುಮ್ಮನೆ ನನ್ನ ಹೆಬ್ಬೆರಳನ್ನೇ ನೋಡ್ತಾ ಕೂತ್ಕೋಬೇಡ!

ಎತ್ತಿಬಿಟ್ಟೆಯಾ... ಅವತ್ತು ನಾನು ಎತ್ತಿದ ಹಾಗೇ ಎತ್ತಿ ಪಕ್ಕಕ್ಕಿಟ್ಟೆಯಾ.

ಗೊತ್ತಿತ್ತು ಕಣೇ. ಆ ಎಪ್ಪತ್ತೆರಡು ಕಾಣಿಸ್ತಲ್ಲ, ಆಗಲೇ ಗೊತ್ತಾಯ್ತು. ಕೆಳಗೆ ನೋಡ್ತೀನಿ, ಈ ಹೆಬ್ಬೆರಳು ಇನ್ನೂ ತಾತನ ಮಣಿಕಟ್ಟಿನ ಮೇಲೇ ಇದೆ, ಅದರಡಿ ಧಡಧಡ ಧಡಧಡ. ನೂರ ನಲವತ್ತು ತಾತನದಲ್ಲ. ನಂದು. ನಂದೇ. ಸುಮ್ಮನೆ ನಿಂತಿದ್ದೋಳು, ಮೆಟ್ಟಿಲು ಹತ್ತಿಲ್ಲ, ಓಡಿಲ್ಲ, ಬರೀ ನಿಂತಿದ್ದೋಳದು ಅಷ್ಟು! ಅಷ್ಟು ಜನರ ಎದುರು ಹೇಗೆ ಹೇಳಲಿ? ಸಿಸ್ಟರ್ ತನ್ನ ಎದೆಬಡಿತ ಎಣಿಸಿ ಪಕ್ಕದವನಿಗೆ ಇಸಿಜಿ ಮಾಡಿಸಿದ್ಲು ಅಂತಾನಾ? ಇಡೀ ಆಸ್ಪತ್ರೆ ಬಿದ್ದು ಬಿದ್ದು ನಗುತ್ತೆ. ನಾನೇ ನಗ್ತಿದ್ದೆ, ಬೇರೆಯವರಾಗಿದ್ರೆ.

ಏನು, ಕೈ ಹಿಡ್ಕೊಂಡುಬಿಟ್ಟೆ? ಸಮಾಧಾನ ಮಾಡೋಕಾ? ಮಾಡು, ಮಾಡು. ಬೆಚ್ಚಗಿದೆ ನಿನ್ನ ಕೈ... ಎಷ್ಟು ದಿನದಿಂದ ಅಂತ ಕೇಳಬೇಡ, ನನಗೂ ಗೊತ್ತಿಲ್ಲ. ಮೊದಲು ವಾರ್ಡಿನ ಬಾಗಿಲಲ್ಲಿ ಮಾತ್ರ ಆಗ್ತಿತ್ತು. ಒಳಗೆ ಕಾಲಿಡೋಕೆ ಮುಂಚೆ ಎದೆ ಹೊಡ್ಕೊಳ್ಳೋದು. ಒಂದು ಕ್ಷಣ ಗೋಡೆ ಹಿಡ್ಕೊಂಡು ನಿಂತು, ಒಂದು ಜೋಕ್ ಯೋಚಿಸ್ಕೊಂಡು, ಅದನ್ನ ಜೋರಾಗಿ ಹೇಳ್ಕೊಂಡೇ ಒಳಗೆ ಹೋಗ್ತಿದ್ದೆ. ಆಮೇಲೆ ಬಸ್ಸಲ್ಲಿ. ಆಮೇಲೆ ಮನೇಲಿ, ಕುಕ್ಕರ್ ಕೂಗಿದ್ರೂ ಸಾಕು. ಮೊನ್ನೆ ಮಗಳ ಫೋನ್ ಅಲಾರಂ ಹೊಡೀತು, ನಾನು ತಟ್ಟೆ ಬಿಟ್ಟು ಎದ್ದು ಓಡಿದೆ ಕಣೇ, ಎಲ್ಲಿಗೆ ಅಂತ ಬೀದಿಗೆ ಹೋದ ಮೇಲೆ ಯೋಚನೆ ಬಂತು. ಮಗಳು ನಕ್ಕಳು, ನಾನೂ ನಕ್ಕೆ. ಎಲ್ಲಕ್ಕೂ ನಗೋದೇ ಆಗಿದೆ.

ಹೇಳೋಕೆ ಹೆದರಿಕೆ ಗುಬ್ಬಿ. ಸಾಯೋದಕ್ಕಲ್ಲ ಬಿಡು, ಇಷ್ಟು ಸುಲಭಕ್ಕೆ ಸಾಯೋಳಲ್ಲ ನಾನು. ನಾನಿಲ್ಲದೆ ವಾರ್ಡು ನಡೆಯಲ್ಲ ಅಂತ ಎಲ್ಲರ ಹತ್ರ ಜಂಬ ಕೊಚ್ಚಿದ್ದೀನಲ್ಲ... ರಜ ಹಾಕಿ ಮನೇಲಿ ಕೂತೆ ಅಂತಿಟ್ಕೋ, ವಾರ್ಡು ಆರಾಮಾಗಿ ನಡೆದುಬಿಟ್ರೆ? ಆಗ ನಾನು ಯಾರು? ಬರೀ ಬಾಯಿ ಬಡ್ಕೊಳ್ಳೋ ಒಂದು ರೇಡಿಯೋ... ಇಲ್ಲ ಅಕ್ಕ ಹಾಗೇನಿಲ್ಲ ಅಂತಾದ್ರೂ ಅನ್ನೇ, ಬಾಯಿ ಮಾತಿಗಾದ್ರೂ! ಏನು ಅಷ್ಟು ದಿಟ್ಟಿಸಿ ಗೋಡೆ ಗಡಿಯಾರ ನೋಡ್ತಾ...

ಓಹೋ.

ಓಹೋಹೋ! ಕೈ ಹಿಡಿದಿದ್ದು ಪ್ರೀತಿಗೆ ಅಂದ್ಕೊಂಡೆನಲ್ಲ ನಾನು, ಎಂಥಾ ಪೆದ್ದಿ! ಎಣಿಸ್ತಾ ಇದ್ದೀಯಾ? ಬೆರಳು ಸರಿಯಾಗಿ ಇಟ್ಟಿದ್ದೀಯಾ, ಮೂರೂ ಬೆರಳು, ಹೆಬ್ಬೆರಳು ದೂರ. ಭೇಷ್. ಒಳ್ಳೆ ಗುರು ಕೈಲಿ ಕಲಿತಿದ್ದೀಯಾ... ಎಷ್ಟು ಬಂತು? ಹೇಳಲ್ವಾ? ರೋಗಿಗೆ ಹೇಳಬಾರದು ಅಂತಾನೂ ನಾನೇ ಕಲಿಸಿದ್ದು, ಅಲ್ವಾ. ಸರಿ, ಆಯ್ತಲ್ಲ, ಬಿಡು ಇನ್ನು. ಬಿಡು ಅಂದೆ. ಇಷ್ಟು ಹೊತ್ತು ಯಾಕೆ...

ಅಯ್ಯೋ ಕಳ್ಳಿ! ನಾಡಿ ಆಗಲೇ ಮುಗಿದಿದೆ. ನೀನೀಗ ನನ್ನ ಎದೆ ನೋಡ್ತಾ ಇದ್ದೀಯಾ. ನನ್ನ ವಿದ್ಯೆ ನನಗೇ ತಿರುಗಿಸ್ತೀಯಾ? ನನ್ನ ಉಸಿರು ಎಣಿಸೋಕೆ ಕಾಯ್ತಾ ಇದ್ದೀಯಾ! ಬಾಗಿಲು ಹಾಕಿದಾಗಿಂದ ಕಾಯ್ತಾ ಇದ್ದೀಯಾ, ಅಲ್ವಾ? ಅದಕ್ಕೇ ಹೆಚ್ಚು ಮಾತಾಡದೆ ಕೂತಿದ್ದೀಯಾ... ಸಿಗಲ್ಲ ಕಣೇ. ಮಾತಾಡ್ತಾ ಇರೋವರೆಗೂ ಸಿಗಲ್ಲ, ನನಗೆ ಗೊತ್ತು. ಅದಕ್ಕೇ ತಾನೇ ನೀನು ಬಂದಾಗಿಂದ ಒಂದೇ ಸಮನೆ ಒದರ್ತಾ ಇರೋದು. ಬಂದಾಗಿಂದ ಏನು, ಎಷ್ಟೋ ತಿಂಗಳಿಂದ. ಸುಮ್ಮನಾದ್ರೆ ಕೇಳಿಸಿಬಿಡುತ್ತೆ, ನಿಮಗೂ, ನನಗೂ.

...ಅಳಬೇಡ ಕಣೇ. ಅವತ್ತು ನೀನು ಇಲ್ಲೇ ಅತ್ತಿದ್ದೆ, ಇವತ್ತು ನನ್ನ ಸರದಿ, ನೀನು ಮಧ್ಯೆ ಬರಬೇಡ.

ಅದು ಸರಿ, ಬ್ಯಾಗ್ ತಂದಿದ್ದೀಯಲ್ಲ, ಮೇಟ್ರನ್ ಹತ್ರ ಮಾತಾಡಿದ್ಯಾ? ಆಗಲೇ ಮಾತಾಡಿ ಬಂದ್ಯಾ! ಅವರು ಏನಂದ್ರು? ನೀನೊಬ್ಬಳೇ ಹೇಗೆ... ಅವರೇ ನಿನ್ನ ಜೊತೆ ಡ್ಯೂಟಿಗೆ ನಿಲ್ತಾರಂತಾ? ಮೇಟ್ರನ್ನು? ಬೆಡ್‌ಪ್ಯಾನ್ ಹಿಡ್ಕೊಂಡು? ಅಯ್ಯೋ, ಅದನ್ನ ನೋಡೋಕಾದ್ರೂ ನಾನು ಇರಬೇಕಿತ್ತು ಕಣೇ!... ಹೂಂ. ಇಲ್ಲ. ಇರಲ್ಲ. ಹೋಗ್ತೀನಿ. ನಮ್ಮೆಜಮಾನ್ರಿಗೆ ಫೋನ್ ಮಾಡು, ಮಕ್ಕಳನ್ನ ಇಳಿಸಿ ವ್ಯಾನ್ ಈ ಕಡೆ ತಿರುಗಿಸಲಿ. ನಂದು ಯಾರು ನೋಡ್ತಾರೆ ಅಂತ ಕೇಳಿದ್ರಲ್ಲ, ನೋಡೋಳು ಸಿಕ್ಕಿದ್ಲು ಅಂತ ಹೇಳ್ತೀನಿ.

ಆದ್ರೆ ಅದಕ್ಕೆ ಮುಂಚೆ ಆ ಸಣ್ಣ ಡಾಕ್ಟರ ಹತ್ರ ಹೋಗೋಣ. ನೀನು ಹೇಳಬೇಡ, ನಾನೇ ಹೇಳ್ತೀನಿ, ನೀನು ಪಕ್ಕದಲ್ಲಿ ನಿಂತಿರು ಸಾಕು. ನೂರ ನಲವತ್ತು ನಂದು ಡಾಕ್ಟ್ರೇ, ಆ ತಂತಿಗಳನ್ನ ಈ ಕಡೆ ಅಂಟಿಸಿ ಅಂತೀನಿ. ನಗೋದಾದ್ರೆ ನಗಲಿ. ತಾತನಿಗೂ ನಾನೇ ಹೇಳ್ತೀನಿ, ತಾತ, ನಿಮ್ಮ ಎದೆ ಗಟ್ಟಿಯಾಗಿದೆ, ಕೆಟ್ಟಿದ್ದು ನನ್ನ ಬೆರಳು, ನೀವು ಹೊರಡಿ ಅಂತ. ಹೇಗೂ ಬೂಟು ಹಾಕ್ಕೊಂಡೇ ಕೂತಿದ್ದಾರೆ. ಮಂಚದಡಿಯ ಆ ಕಿತ್ತಳೆನ ಯಾರಾದ್ರೂ ತೊಳೆದು ಕೊಟ್ರಾ? ಕೊಡಬೇಕು, ನೆನಪು ಮಾಡು.

ಏಳೋಣ್ವಾ?... ಬೇಡ್ವಾ? ಇನ್ನೂ ಕೈ ಬಿಡಲ್ವಾ? ಹಠ ನೋಡು ಗುಬ್ಬಿದು. ಸರಿ, ಸರಿ, ಆಯ್ತು. ಗಡಿಯಾರ ನೋಡ್ಕೋ. ಮೊದಲಿಂದ ಎಣಿಸು, ಅವಸರ ಮಾಡಬೇಡ, ಪೂರ್ತಿ ಒಂದು ನಿಮಿಷ. ಫೋಟೋಗೆ ನಿಂತ ಹಾಗೆ ಉಸಿರಾಡಲ್ಲ, ಇರೋ ಹಾಗೇ ಬಿಡ್ತೀನಿ.

ಇಗೋ, ಸುಮ್ಮನಾದೆ.